ವಿಷಲ್ ಆದ ಮೇಲೆ

"ಆ ವಿಷಲ್ ಕೊಡವ್ವ, ಅವ್ನ ಜೊತೇಲೇ ಮಣ್ಣು ಮಾಡ್ಬೇಕು ಅದನ್ನ," ಎಂದು ಸಾಂತಪ್ಪ ಕೈ ಚಾಚಿದಾಗ ಸೌಮ್ಯ ಅದನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

ಅಂಗಳದ ಚಪ್ಪರದಡಿ ಅವಳಪ್ಪ ತಿಮ್ಮಯ್ಯನನ್ನು ಮಲಗಿಸಿದ್ದರು. ಸ್ನಾನ ಮುಗಿದಿತ್ತು. ಜೋಳದ ಹೊಲದ ಅಂಚಿನಲ್ಲಿ ಗುಂಡಿ ತೋಡಿ ಬಂದವರು ಪಕ್ಕದ ಮನೆಯವರು ಕೊಟ್ಟ ಕಾಫಿ ಕುಡಿಯುತ್ತಿದ್ದರು. ತಿಮ್ಮಯ್ಯ ಕಂಡಕ್ಟರಾಗಿದ್ದ ಬಸ್ಸಿಗೆ ಈ ಸಾಂತಪ್ಪನೇ ಡ್ರೈವರು.

"ಟೀವೀಲಿ ಊದಿದ ವಿಷಲ್ ಕಣವ್ವ. ಅದಿಲ್ದೆ ಹೆಂಗೆ ಕಳ್ಸೋದು?"

"ತಡೀರಿ ಮಾವ, ಒಂದ್ಗಳಿಗೆ," ಎಂದಳು ಸೌಮ್ಯ. ಅವಳ ಕಣ್ಣು ಗೇಟಿನ ಮೇಲಿತ್ತು. ಇನ್ನೇನು ಒಬ್ಬರು ಬರುವವರಿದ್ದರು. ಅವರು ಬಾಯಿ ಬಿಟ್ಟರೆ ಅಪ್ಪನ ಮಾನ ಅಪ್ಪನ ಹೆಣದ ಮುಂದೆಯೇ ಹರಾಜಾಗುತ್ತಿತ್ತು.

*

ಹಿಂದೆ ದೂರದರ್ಶನದಲ್ಲಿ 'ಬಾಡಿಗೆ ಮನೆ ಬಸಣ್ಣ' ಎಂಬ ನಗೆ ಧಾರಾವಾಹಿ ಬರುತ್ತಿತ್ತು. ಬಸಣ್ಣ ವಾರಕ್ಕೊಂದು ಮನೆ ಬದಲಿಸಿ, ಟ್ರಂಕು ಹೊತ್ತು ಬಸ್ಸಿಳಿಯುವುದೇ ಕತೆ. ಶೀರ್ಷಿಕೆ ಸಂಗೀತದಲ್ಲಿ ಮೊದಲು ಹಾರ್ಮೋನಿಯಂ, ಅದರ ಹಿಂದೆ ತಬಲ, ಆಮೇಲೆ ಕಂಡಕ್ಟರನ ವಿಷಲ್.

ಆ ವಿಷಲ್ ತನ್ನದು ಎಂದು ತಿಮ್ಮಯ್ಯ ಕುಶಾಲನಗರದಿಂದ ಗೋಣಿಕೊಪ್ಪಲಿನವರೆಗೂ ಟಿಕೆಟ್ಟಿನ ಜೊತೆ ಹಂಚಿಕೊಂಡು ಹೋಗುತ್ತಿದ್ದ. ಮೈಸೂರು ಟ್ರಿಪ್ಪಿನಲ್ಲಿದ್ದಾಗ ರೆಕಾರ್ಡಿಂಗಿನವರು ಬಸ್‌ಸ್ಟ್ಯಾಂಡಿನಿಂದಲೇ ಕರೆದೊಯ್ದು ಊದಿಸಿದರಂತೆ. ಮನೆಯಲ್ಲಂತೂ ಟೀವಿಯಲ್ಲಿ ವಿಷಲ್ ಕೇಳಿದ್ದೇ ತಡ, ತೊಡೆ ತಟ್ಟಿ, "ಕೇಳ್ತಾ? ಅದು ನಂದು!" ಎಂದು ಮನೆ ಹಾರಿಹೋಗುವಂತೆ ಕೂಗುತ್ತಿದ್ದ. ಅಷ್ಟರಲ್ಲಿ ಸಂಗೀತವೇ ಮುಗಿದುಹೋಗಿರುತ್ತಿತ್ತು.

"ಎಲ್ಲಿ ಕೇಳ್ತು? ನಿಮ್ಮ ಬಾಯೊಂದೇ ಕೇಳಿದ್ದು," ಎನ್ನುತ್ತಿದ್ದಳು ಹೆಂಡತಿ ವನಜಮ್ಮ.

ಊರು 'ವಿಷಲ್ ತಿಮ್ಮಯ್ಯ' ಎಂದು ಹೆಸರಿಟ್ಟು ನಕ್ಕಿತು. ಮಗ ಶಿವಪ್ರಕಾಶ್ ನೆಂಟರ ಮುಂದೆ ತಲೆ ತಗ್ಗಿಸಿದ. ಸೌಮ್ಯ ಒಬ್ಬಳು ನಂಬಿದಳು. ನಂಬಿದ್ದು ಸಾಲದು ಎಂದು, ಅಪ್ಪ ಹಾಸಿಗೆ ಹಿಡಿದಾಗ ಬಸಣ್ಣನ ಅಭಿಮಾನಿಗಳ ಫೇಸ್‌ಬುಕ್ ಗುಂಪಿನಲ್ಲಿ ಬರೆದೂಬಿಟ್ಟಳು. ಬಸಣ್ಣನ ಕೊಡೆ ಒಂದು ಸಲವಾದರೂ ಬಿಚ್ಚಿತ್ತೇ, ಓನರಮ್ಮನ ಮುಖ ಯಾಕೆ ತೋರಿಸಲಿಲ್ಲ, ಸಂಗೀತದ ಕೊನೆಯಲ್ಲಿ ಬರುವ ನಗು ಯಾರದು ಎಂದು ಊಟ ಬಿಟ್ಟು ಕಿತ್ತಾಡುವ ಜನ ಅವರು. ಗುಂಪು ನಡೆಸುವ ಜಯಪ್ರಕಾಶ್, ಹಳೆಯ ರೆಕಾರ್ಡಿಸ್ಟರನ್ನೇ ಹುಡುಕಿ ಕೇಳುತ್ತೇನೆ ಎಂದಿದ್ದರು.

ಅವರ ಮೆಸೇಜು ಬಂದದ್ದು ಇವತ್ತು ಬೆಳಿಗ್ಗೆ, ಸಾವಿನ ಮನೆಗೆ. 'ರೆಕಾರ್ಡಿಸ್ಟ್ ಸಿಕ್ಕಿದರು. ವಿಷಲ್ ನಿಮ್ಮ ತಂದೆಯವರದಲ್ಲ. ಮಿಕ್ಕಿದ್ದು ಎದುರಿಗೇ ಹೇಳುತ್ತೇನೆ, ಹೊರಟಿದ್ದೇನೆ.'

*

ಗೇಟಿನ ಬಳಿ ಕಾರು ನಿಂತಿತು. ಸೌಮ್ಯ ಓಡಿಹೋಗಿ ಅಡ್ಡ ನಿಂತಳು.

"ಸರ್, ಕೈ ಮುಗೀತೀನಿ. ಮಣ್ಣಾಗೋವರ್ಗೂ ಏನೂ ಹೇಳ್ಬೇಡಿ. ಆಮೇಲೆ ಏನ್ ಬೇಕಾದ್ರೂ ಬರ್ಕೊಳ್ಳಿ."

"ಅಯ್ಯೋ ಮೇಡಂ, ಪೂರ್ತಿ ಕೇಳಿ," ಎಂದರು ಜಯಪ್ರಕಾಶ್. ಅಷ್ಟರಲ್ಲಿ ಶಿವಪ್ರಕಾಶ್ ಬಂದ. ಅವನ ಹಿಂದೆ ಸಾಂತಪ್ಪ. ಇನ್ನು ಮುಚ್ಚಿಡುವುದು ಏನೂ ಉಳಿಯಲಿಲ್ಲ.

"ನಿಮ್ಮ ತಂದೆ ಸ್ಟುಡಿಯೋಗೆ ಹೋಗಿದ್ದೂ ನಿಜ, ಊದಿದ್ದೂ ನಿಜ. ಆದ್ರೆ ಮೈಕ್ ಮುಂದೆ ನಿಂತ್ರೆ ಸಾಕು, ಊದ್ತಾ ಊದ್ತಾ ನಗು ಬಂದ್ಬಿಡೋದಂತೆ. ಕೊನೆಗೆ ಅವ್ರನ್ನ ಕಳ್ಸಿ, ತಬಲದವ್ರ ಕೈಲಿ ಊದಿಸಿದ್ರಂತೆ. ಇವ್ರಿಗೆ ಹೇಳೋಕೆ ಯಾರಿಗೂ ನೆನಪಾಗ್ಲಿಲ್ಲ."

ಸೌಮ್ಯ ಮುಷ್ಟಿಯಲ್ಲಿದ್ದ ವಿಷಲನ್ನು ಸಾಂತಪ್ಪನ ಕೈಗಿಟ್ಟಳು. ಅಪ್ಪ ಸುಳ್ಳು ಹೇಳಿರಲಿಲ್ಲ. ಅಷ್ಟು ಸಾಕಿತ್ತು ಅವಳಿಗೆ.

"ಇರಿ, ಮುಗೀಲಿಲ್ಲ," ಎಂದು ಜಯಪ್ರಕಾಶ್ ಅವರ ಜೊತೆ ಚಪ್ಪರದಡಿಗೆ ಬಂದು ಮೊಬೈಲ್ ತೆಗೆದರು. "ಆ ನಗು ಟೇಪಲ್ಲಿ ಉಳ್ಕೊಂಡಿತ್ತು. ಚೆನ್ನಾಗಿದೆ ಅಂತ ಕೊನೇಲಿ ಸೇರಿಸಿದ್ರಂತೆ. ಗುರುತು ಹಿಡಿಯೋಕೆ ಮನೆಯವ್ರೇ ಬೇಕು."

ಹಾರ್ಮೋನಿಯಂ ಬಂತು. ತಬಲ ಬಂತು. ವಿಷಲ್ ಕೇಳಿಸಿದ್ದೇ ಚಪ್ಪರದಡಿ ಎಲ್ಲರೂ ಅಭ್ಯಾಸದಂತೆ ಒಂದು ಕೂಗಿಗಾಗಿ ಕಾದರು. ಕೂಗುವವನು ಸುಮ್ಮನೆ ಮಲಗಿದ್ದ. ಆ ಸದ್ದಿಲ್ಲದ ಜಾಗದಲ್ಲಿ ನಗು ಬಂತು. ತಡೆದಷ್ಟೂ ಉಕ್ಕಿ, ಕೊನೆಗೆ ಉಸಿರೆಳೆದುಕೊಳ್ಳುವಾಗ ಒಂದು ಬಿಕ್ಕಳಿಕೆ.

"ಅಯ್ಯೋ, ಇದು ತಿಮ್ಮಯ್ಯನೇ," ಎಂದು ಸಾಂತಪ್ಪ ಅಲ್ಲೇ ಕುಕ್ಕರಿಸಿದ. "ಬಸ್ಸಲ್ಲಿ ದಿನಾ ಕೇಳಿದೀನಲ್ಲ."

ಶಿವಪ್ರಕಾಶನ ಮುಖ ಬಿರಿಯಿತು. ನಗುತ್ತಲೇ ಟವೆಲಿನಿಂದ ಕಣ್ಣೊರೆಸಿಕೊಂಡ. "ನಾವೊಂದಿನಾನೂ ಇದನ್ನ ಕೇಳ್ಲೇ ಇಲ್ವಲ್ಲೇ ಸೌಮ್ಯ. ಅಪ್ಪ ಕೇಳಕ್ಕೆ ಬಿಟ್ರೆ ತಾನೆ."

ಬಾಯಿಗೆ ಅಕ್ಕಿ ಹಾಕುವ ಸರದಿ ಕೊನೆಗೆ ವನಜಮ್ಮನದಾಯಿತು. ಅಕ್ಕಿ ಹಾಕಿ ಅವಳು ಏಳಲಿಲ್ಲ. ಜಯಪ್ರಕಾಶರತ್ತ ಕೈ ನೀಡಿ, "ಅದನ್ನ ಇನ್ನೊಂದ್ಸಲ ಹಾಕಿ ಕೊಡಪ್ಪ," ಎಂದಳು.

ಮೊಬೈಲನ್ನು ಗಂಡನ ಕಿವಿಯ ಹತ್ತಿರ ಹಿಡಿದಳು. ಚಟ್ಟ ಎತ್ತಲು ಬಗ್ಗಿದವರು ಬಗ್ಗಿದಂತೆಯೇ ನಿಂತರು. ವಿಷಲ್ ಬಂದು ಹೋಯಿತು, ವನಜಮ್ಮ ಸುಮ್ಮನಿದ್ದಳು. ನಗು ಶುರುವಾದಾಗ ಬಾಗಿ, ಅವನ ಕೆನ್ನೆಯ ಮೇಲಿದ್ದ ಅಕ್ಕಿಕಾಳನ್ನು ಬೆರಳಿನಿಂದ ತೆಗೆದಳು.

"ಕೇಳ್ತಾ?" ಎಂದಳು. "ಅದು ನಿಮ್ದು."