ಬೇಡವೆನ್ನುವ ಕೆಲಸ

ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಮೌಂಟ್ ರಾಸ್ಕಿಲ್‌ನಲ್ಲಿ ಬಾಡಿಗೆ ಮನೆಗಳನ್ನು ನೋಡಿಕೊಳ್ಳುವ ಏಜೆನ್ಸಿಯೊಂದರಲ್ಲಿ ವಚನಾಗೆ ಕೆಲಸ. ಒಂದು ಶನಿವಾರ ಬೆಳಿಗ್ಗೆ ಅವಳು ಮನೆ ತೋರಿಸಲು ಹೊರಟಾಗ ಮ್ಯಾನೇಜರ್ ಡೆಬ್ರಾ ಕಾರಿನ ತನಕ ಬಂದು ದನಿ ತಗ್ಗಿಸಿದಳು.

"ಓನರ್‌ಗೆ ಇಂಡಿಯನ್ನರು, ಟೋಂಗಾ ಕಡೆಯ ಐಲ್ಯಾಂಡ್‌ನವರು ಬೇಡವಂತೆ. ಅಂಥವರು ಬಂದರೆ ಮನೆ ಆಗಲೇ ಹೋಯಿತು ಅಂದುಬಿಡು. ನೀನು ಹೇಳಿದರೆ ಯಾರಿಗೂ ಬೇಜಾರಾಗಲ್ಲ."

"ನಾನು ಹೇಳಿದರೆ ಯಾಕೆ?"

"ನೀನೂ ಅವರಲ್ಲಿ ಒಬ್ಬಳೇ ಅಲ್ಲವಾ?" ಎಂದು ನಕ್ಕು ಡೆಬ್ರಾ ಒಳಗೆ ಹೋದಳು.

ಆ ಓನರ್ ವಚನಾಗೆ ಅಪರಿಚಿತರಲ್ಲ. ವಿಜಯಪುರದ ಕಡೆಯ ಅಪ್ಪಾಸಾಹೇಬ, ಆಕ್ಲೆಂಡಿಗೆ ಬಂದು ನೆಲೆಯೂರಿದ ಎಂಜಿನಿಯರ್. ವಚನಾಗೆ ಈ ಕೆಲಸ ಸಿಕ್ಕಿದ್ದೇ ಅವರ ಶಿಫಾರಸಿನಿಂದ. ಧಾರವಾಡ ಬಿಟ್ಟು ಮಗಳ ಜೊತೆ ಇರಲು ಬಂದ ತಾಯಿ ನೀಲಮ್ಮನಿಗೆ ಹಬ್ಬ ಹುಣ್ಣಿಮೆಗೆ ಹೋಗಿಬರಲು ಇದ್ದದ್ದೂ ಅವರ ಮನೆ ಒಂದೇ.

ಮನೆಯ ಮುಂದಿನ ಹುಲ್ಲುಹಾಸಿನ ಮೇಲೆ ಆಗಲೇ ಜನ ಕಾಯುತ್ತಿದ್ದರು. ಅವರಲ್ಲಿ ಜೈನಬ್ ಮತ್ತು ಸರ್ಫರಾಜ್ ದಂಪತಿ ಇದ್ದರು, ಜೊತೆಗೆ ಮಗಳು ಉಮೈರಾ. ಜೈನಬ್ ಫಾರ್ಮಸಿಸ್ಟ್, ಗಂಡ ಪೆನ್‌ರೋಸ್‌ನಲ್ಲಿ ವೆಲ್ಡರ್. ವಚನಾಳ ಹೆಸರಿನ ಬಿಲ್ಲೆ ನೋಡಿದ್ದೇ ಜೈನಬ್ ಮುಖ ಅರಳಿತು.

"ಕನ್ನಡದವರಾ? ನಮ್ದು ತುಮಕೂರು ಕಣಮ್ಮ."

ಅಡುಗೆಮನೆ, ಬಚ್ಚಲು, ಹಿತ್ತಿಲು ಎಲ್ಲ ನೋಡಿಯಾದ ಮೇಲೆ ಜೈನಬ್ ಕೇಳಿದಳು, "ನಮಗೆ ಸಿಗುತ್ತಾ? ನಿಜ ಹೇಳು. ಹೋದ ಕಡೆಯೆಲ್ಲ ಈಗ್ತಾನೆ ಹೋಯ್ತು ಅಂತಾರೆ. ಮುಂದಿನ ವಾರ ನೋಡಿದ್ರೆ ಅದೇ ಮನೆ ಮತ್ತೆ ಆ್ಯಡ್‌ನಲ್ಲಿ ಇರುತ್ತೆ."

ವಚನಾಳ ನಾಲಿಗೆಯ ತುದಿಯಲ್ಲಿ ಅದೇ ಮಾತು ಕೂತಿತ್ತು. ಹೇಳಿಬಿಟ್ಟಿದ್ದರೆ, ಕನ್ನಡದವಳೆಂದು ಜೈನಬ್ ನಂಬಿ ಹೋಗುತ್ತಿದ್ದಳೇನೋ. ಅದನ್ನು ನೆನೆದೇ ಅವಳಿಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದು ಬಾಗಿಲ ಮೆಟ್ಟಿಲ ಮೇಲೆ ನಿಂತು, ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದಳು: "ಈ ಮನೆ ಖಾಲಿ ಇದೆ. ಇಂಡಿಯನ್ನರಿಗೂ ಐಲ್ಯಾಂಡ್‌ನವರಿಗೂ ಖಾಲಿ ಇಲ್ಲ ಅಂತ ಸುಳ್ಳು ಹೇಳೋಕೆ ನನ್ನನ್ನು ಕಳಿಸಿದ್ದಾರೆ. ನಾನು ಹೇಳಲ್ಲ."

ಹಿಂದೆ ನಿಂತಿದ್ದ ಟೋಂಗಾದ ದೊಡ್ಡಾಳೊಬ್ಬ ಕೈಯೆತ್ತಿದ. "ಅಂದರೆ ನಮಗೂ ಇಲ್ಲ?"

"ನಿಮಗೂ ಇಲ್ಲವಂತೆ. ಹಾಗೆ ಮಾಡೋದು ಈ ದೇಶದ ಕಾನೂನಿಗೆ ವಿರುದ್ಧ. ನಾನು ಎಲ್ಲರ ಅರ್ಜಿನೂ ತಗೋತೀನಿ."

ಬಿಳಿಯ ಜೋಡಿಯೊಂದು ಗೇಟಿನ ತನಕ ನಡೆಯಿತು. ಅಲ್ಲಿಂದ ಆ ಜೋಡಿಯ ಹುಡುಗಿ ತಿರುಗಿ ಬಂದು ಜೈನಬ್‌ಗೆ ತನ್ನ ಫೋನ್ ನಂಬರ್ ಕೊಟ್ಟಳು. "ಸಾಕ್ಷಿ ಬೇಕಾದರೆ ಕರೆಯಿರಿ."

ಸಂಜೆ ಅಪ್ಪಾಸಾಹೇಬ ವಚನಾಳ ಮನೆಗೇ ಬಂದರು.

"ಏನವಾ, ಮಂದಿ ಮುಂದ ನನ್ನ ಮಾನ ಕಳದೆಲ್ಲ?"

"ನಿಮ್ಮ ಹೆಸರು ನಾ ತಗೀಲಿಲ್ರಿ ಅಂಕಲ್. ನೀವು ಹೇಳಿದ ಮಾತಷ್ಟ ಹೇಳೇನಿ."

"ನನಗ ಯಾರ ಮ್ಯಾಲೂ ಸಿಟ್ಟಿಲ್ಲ. ಬಿಳಿ ಮಂದಿ ಮನಿ ಸ್ವಚ್ಛ ಇಟ್ಕೋತಾರ, ಅಷ್ಟ."

ಒಳಗಿನಿಂದ ನೀಲಮ್ಮ ಮುಂದೆ ಬಂದಳು. "ನನ್ನ ಮನಿ ಹೊಲಸೈತೇನ್ರಿ ಅಣ್ಣಾರ? ಕಣ್ಮುಂದನ ಐತಿ, ನೋಡ್ರಿ."

"ನಿಮ್ಮ ಮಾತ ಬ್ಯಾರೆ ಬಿಡ್ರಿ, ನೀಲಮ್ಮಾರ."

"ಹೆಂಗ ಬ್ಯಾರೆ? ನಾಳೆ ನನ್ನ ಮಗಳು ಮನಿ ಕೇಳಾಕ ಹ್ವಾದ್ರ ಆಕಿ ಮಾರಿ ನೋಡೇ ಬ್ಯಾಡ ಅಂತಾರ. ನಿಮ್ಮ ಮಗಳಿಗೂ ಹಂಗ ಅಂತಾರ."

ಅಪ್ಪಾಸಾಹೇಬ ಚಪ್ಪಲಿ ಮೆಟ್ಟಿಕೊಂಡು ಹೋದರು.

ಸೋಮವಾರ ಡೆಬ್ರಾ ರಾಜೀನಾಮೆ ಕೇಳಿದಳು. ಕೊಟ್ಟರೆ ಬೇರೆ ಕಡೆ ಒಳ್ಳೆಯ ಮಾತು ಹೇಳುವೆನೆಂದಳು.

"ಕೊಡಲ್ಲ. ನೀವೇ ತೆಗೆದುಹಾಕಿ. ಯಾಕೆ ತೆಗೆದಿರಿ ಅನ್ನೋದನ್ನೂ ಆಫೀಸಿನವರೆಲ್ಲರ ಎದುರೇ ಹೇಳಿ," ಅಂದಳು ವಚನಾ.

ಅವಳನ್ನು ತೆಗೆದುಹಾಕಿದರು. ಕಾರಣ ಕೇಳಿದರೆ ನಂಬಿಕೆ ಹೋಯಿತು ಎಂದರು. ಪೆನ್‌ರೋಸ್‌ನ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುತ್ತಾ ಅವಳು ದಿನ ತಳ್ಳಿದಳು. ಜೈನಬ್, ಟೋಂಗಾದವನು, ವಚನಾ ಮೂವರೂ ಸೇರಿ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರು. ಅಪ್ಪಾಸಾಹೇಬರ ಬಳಗದಿಂದ ಬರುತ್ತಿದ್ದ ಫೋನುಗಳು ನಿಂತವು. ಯುಗಾದಿಗೆ ನೀಲಮ್ಮನನ್ನು ಯಾರೂ ಕರೆಯಲಿಲ್ಲ. ಅವಳು ಒಬ್ಬಳೇ ಕೂತು ಒಂದಿಷ್ಟು ಅತ್ತಳು, ಆಮೇಲೆ ಕಡಲೆಬೇಳೆ ಬೇಯಿಸಿ ಹೋಳಿಗೆಗೆ ಜೈನಬ್ ಮನೆಯವರನ್ನು ಕರೆದಳು.

ಆಯೋಗ ಕರೆದ ಸಂಧಾನದ ಮೇಜಿಗೆ ಏಜೆನ್ಸಿಯ ಮಾಲೀಕರು ವಕೀಲರನ್ನು ಕರೆತಂದರು. ಆ ಬಿಳಿ ಹುಡುಗಿಯೂ ಬಂದು ತಾನು ಕೇಳಿದ್ದನ್ನು ಹೇಳಿದಳು. ಕೊನೆಗೆ ಮಾಲೀಕರು ತಪ್ಪೊಪ್ಪಿದರು. ಇನ್ನು ಮುಂದೆ ಇಂಥ ಷರತ್ತು ಹಾಕುವ ಓನರ್‌ನ ಮನೆಯನ್ನೇ ವಹಿಸಿಕೊಳ್ಳುವುದಿಲ್ಲವೆಂದು ಸಹಿ ಮಾಡಿದರು. ಅಷ್ಟರಲ್ಲಿ ಡೆಬ್ರಾ ಕೆಲಸ ಬಿಟ್ಟಿದ್ದಳು. ವಚನಾಗೆ ಹಳೆಯ ಕೆಲಸ ವಾಪಸ್ ಕೊಡುವೆವೆಂದರು.

"ಮತ್ತ ಅಲ್ಲಿಗ್ಯಾಕ ಹೊಕ್ಕಿ?" ಎಂದು ನೀಲಮ್ಮ ಕೇಳಿದಳು.

"ನಾ ಹೋಗದಿದ್ರ ಆ ಕುರ್ಚಿಗೆ ಇನ್ನೊಬ್ಬಾಕಿನ್ನ ಕೂಡಿಸಿ ಅದ ಸುಳ್ಳು ಹೇಳಸ್ತಾರವಾ."

ದೂರಿನಿಂದಾಗಿ ಅಷ್ಟು ದಿನ ಖಾಲಿ ಉಳಿದಿದ್ದ ಮನೆಯನ್ನು ದೂರು ಕೊಟ್ಟವರಿಗೇ ಕೊಡಲು ಅದೇ ಸಂಧಾನದಲ್ಲಿ ಅಪ್ಪಾಸಾಹೇಬರೂ ಒಪ್ಪಬೇಕಾಯಿತು. ಟೋಂಗಾದವನಿಗೆ ಆಗಲೇ ಪಾಪಕುರಾದಲ್ಲಿ ಮನೆ ಸಿಕ್ಕಿತ್ತು. ಸರ್ಫರಾಜ್ ಹಿಂದೆ ಮುಂದೆ ನೋಡಿದ. "ಬೇಡ ಅಂದೋರ ಮನೇಲಿ ನಾವ್ಯಾಕೆ ಇರ್ಬೇಕು?"

"ಬೇಡ ಅಂದ ಕಡೆಯಿಂದೆಲ್ಲ ಎದ್ದು ಹೋಗ್ತಾ ಇದ್ರೆ ಇರೋದಾದ್ರೂ ಎಲ್ಲಿ ರೀ?" ಎಂದಳು ಜೈನಬ್.

ಸಾಮಾನು ತುಂಬಿದ ಪಿಕಪ್ ಗಾಡಿ ಮನೆಯ ಮುಂದೆ ಬಂದು ನಿಂತ ದಿನ ಅಪ್ಪಾಸಾಹೇಬರೇ ಬೀಗದ ಕೈ ತಂದು ವಚನಾಳತ್ತ ಚಾಚಿದರು. ಅವಳು ಎರಡೂ ಕೈ ಹಿಂದೆ ಕಟ್ಟಿಕೊಂಡಳು.

"ಅವರ ಕೈಯಾಗ ಕೊಡ್ರಿ ಅಂಕಲ್."

ಅವರು ಜೈನಬ್‌ಳ ಅಂಗೈಯಲ್ಲಿ ಬೀಗದ ಕೈ ಇಟ್ಟು, ಅವಳ ಮುಖ ನೋಡದೆ ಕಾರು ಹತ್ತಿದರು. ಜೈನಬ್ ಬಾಗಿಲು ತೆರೆದಳು. ಉಮೈರಾ ಎಲ್ಲರನ್ನೂ ಸರಿಸಿ ಒಳಗೆ ನುಗ್ಗಿದಳು.

"ಮಮ್, ವಿಚ್ ಈಸ್ ಮೈ ರೂಮ್?"

"ಯಾವುದು ಬೇಕೋ ಆರಿಸ್ಕೋ," ಎಂದು ಜೈನಬ್ ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಕೂಗಿದಳು.