ಗುಟುಕು ಗುಟುಕಾಗಿ ಕುಡಿಯುವ ರಾಕ್ಷಸ

ನದಿಯಾಚೆ ಒಬ್ಬ ರಾಕ್ಷಸನಿದ್ದನಂತೆ. ಗುಟುಕು ಗುಟುಕಾಗಿ ಕುಡಿಸಿದರೆ ಕರಗಿ ನೀರಾಗುವನಂತೆ, ಒಮ್ಮೆಲೇ ಸುರಿದರೆ ಉಕ್ಕಿ ಊರನ್ನೇ ನುಂಗುವನಂತೆ. ಹೊಸಬರಿಗೆಲ್ಲ ಎವಾರಿಸ್ತೊ ಹೇಳುತ್ತಿದ್ದ ಕತೆ ಇದು. ಈಗ ಅವನ ಶವಪೆಟ್ಟಿಗೆಯ ಪಕ್ಕ ಕುಳಿತು, ಸೋರೆಬುರುಡೆಯಲ್ಲಿ ಚಹದಂತೆ ಹೀರುವ ಮಾಟೆ ಸೊಪ್ಪಿಗೆ ಬಿಸಿನೀರು ಹಾಕುತ್ತಿದ್ದ ಸೆಲ್ವಾಳ ಕೈ ತಪ್ಪಿತು. ಸೊಪ್ಪೆಲ್ಲ ಮೇಲೆ ತೇಲಿತು.

"ಒಮ್ಮೆಲೇ ಸುರಿದುಬಿಟ್ಟೆಯಲ್ಲೇ ಮಾರಾಯ್ತಿ!" ಎಂದ ಜೊತೆಯ ಕೆಲಸಗಾರ ಪೊಚೊ. "ಮುದುಕ ಎದ್ದು ಬಂದು ಬೈದಾನು!"

ಸೆಲ್ವಾ ಮತ್ತೆ ಗಡಿಯಾರ ನೋಡಿದಳು. ಅಣುಸ್ಥಾವರದಲ್ಲಿ ನಿನ್ನೆ ಎವಾರಿಸ್ತೊ ಶುರುಮಾಡಿದ, ತ್ಯಾಜ್ಯ ಕರಗಿಸುವ ಪಾತ್ರೆ ಅರ್ಧಕ್ಕೇ ನಿಂತಿತ್ತು. ರಾತ್ರಿ ಪಾಳಿಯವರು ಕಾವು ಆರದಂತೆ ನೋಡಿಕೊಂಡಿದ್ದರು, ಅಷ್ಟೆ. ಸಂಜೆಯೊಳಗೆ ಮುಗಿಸದಿದ್ದರೆ ಡಾಂಬರಿನಂತೆ ತಳ ಹಿಡಿಯುತ್ತದೆ. ಆಂಬುಲೆನ್ಸಿನಲ್ಲಿ ಎದೆ ಒತ್ತಿಕೊಂಡು ಅವನು ಹೇಳಿದ್ದೂ ಅದನ್ನೇ: "ಅದನ್ನ ಕಲ್ಲು ಮಾಡು, ಮಗಳೇ." ಅವಳು ಹೂಂ ಎಂದಿದ್ದಳು.

"ದೊನ್ಯಾ ಎಲ್ಬಾ, ನನಗೆ ಮಣ್ಣಿಗೆ ಬರೋಕಾಗಲ್ಲ. ಪಾತ್ರೆ..."

ಎವಾರಿಸ್ತೊನ ಹೆಂಡತಿ ಎಲ್ಬಾ ತಲೆಯೆತ್ತಿದಳು. "ಇವತ್ತೂ ಆ ಹಾಳು ಪಾತ್ರೆನಾ? ಜೀವಮಾನವಿಡೀ ನನ್ನ ಅಡುಗೆ ಆರಿಹೋಗಿದ್ದು ಅದರಿಂದಲೇ ಕಣೇ!"

*

ಸೆಲ್ವಾ ಕೆಲಸಕ್ಕೆ ಸೇರಿದ ದಿನ ಎವಾರಿಸ್ತೊ ಅವಳಿಗೆ ಸೀಳಿಹೋದ ಸಿಮೆಂಟು ಪೀಪಾಯಿಯೊಂದನ್ನು ತೋರಿಸಿದ್ದ. ಸ್ಥಾವರದ ನೀರು ಸೋಸಿ ವಿಕಿರಣವನ್ನೆಲ್ಲ ಹೀರಿಕೊಂಡ, ಸಾಬುದಾನಿಯಂಥ ರಾಳದ ಮಣಿಗಳನ್ನು ಹಿಂದಿನವರು ಹಾಗೇ ಸಿಮೆಂಟಿಗೆ ಕಲಸಿದ್ದರು. ಮಣಿಗಳು ನೀರು ಕುಡಿದು ಊದಿ, ಕಲ್ಲನ್ನೇ ಸೀಳಿದ್ದವು.

"ಮೊದಲು ಕರಗಿಸ್ಬೇಕು, ಆಮೇಲೆ ಕಲ್ಲು. ವಿಷ ಎಲ್ಲೂ ಹೋಗಲ್ಲ, ಆದ್ರೆ ಕದಲದೆ ಕೂರುತ್ತೆ. ಇಲ್ಲಿರೋ ಕೊನೇ ಮಣಿವರೆಗೂ ಕರಗಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ."

ಆ ದಿನವೇ ಅವಸರದಲ್ಲಿ ಸೆಲ್ವಾ, ಮಣಿ ಕರಗಿಸುವ ಪೆರಾಕ್ಸೈಡಿನ ನಲ್ಲಿ ಜಾಸ್ತಿ ತಿರುಗಿಸಿದ್ದಳು. ನೊರೆ ಹಾಲಿನಂತೆ ಉಕ್ಕಿ ಬಂತು. ಅವನು ಬೈಯಲಿಲ್ಲ, ಹೊರಗೆ ಕರೆದೊಯ್ದು ಕೈಗೆ ಕೆಟಲ್ ಕೊಟ್ಟ. "ಮೊದಲು ಮಾಟೆ ಹಾಕೋದು ಕಲಿ."

ನಿನ್ನೆಯದು ಕೊನೆಯ ಮಣಿಗಳ ಪಾತ್ರೆ.

*

ಎಲ್ಬಾ ಸೋರೆಬುರುಡೆ ಬರಿದು ಮಾಡಿ, ಹೊಸ ಸೊಪ್ಪು ತುಂಬಿ ಮುಂದೆ ಚಾಚಿದಳು. "ಈ ಕೈಲಿ ಹೋದ್ರೆ ನಾಳೆ ನಿನ್ನನ್ನೂ ಇಲ್ಲೇ ಮಲಗಿಸ್ಬೇಕಾಗುತ್ತೆ. ಸರಿಯಾಗಿ ಒಂದು ಹಾಕು. ಆಮೇಲೆ ಹೋಗು."

ಸೆಲ್ವಾ ಉಸಿರು ಹಿಡಿದು, ಅಂಚಿನಗುಂಟ ಸಣ್ಣಗೆ ನೀರು ಬಿಟ್ಟಳು. ನೊರೆ ಎದ್ದು ಅಲ್ಲೇ ನಿಂತಿತು. ಎಲ್ಬಾ ತಳದವರೆಗೂ ಹೀರಿದಳು.

"ಹೋಗು. ಅವರನ್ನ ನಾವು ನೋಡ್ಕೋತೀವಿ."

ಊರಿನಲ್ಲಿ ಮಣ್ಣಿನ ಗಂಟೆ ಬಾರಿಸುವಾಗ ಸೆಲ್ವಾ ಸ್ಥಾವರದ ಗಾಜಿನ ಗೋಡೆಯ ಈಚೆ ನಿಂತಿದ್ದಳು. ಪಾತ್ರೆಗೆ ಪೆರಾಕ್ಸೈಡಿನ ಹನಿ, ಮತ್ತೆ ಹನಿ. ಒಳಗಿನ ಕಪ್ಪು ದ್ರವ ಚಹದ ಬಣ್ಣಕ್ಕೆ ತಿರುಗಿತು, ಆಮೇಲೆ ಒಣಹುಲ್ಲಿನ ಬಣ್ಣಕ್ಕೆ. ಆಮೇಲೆ ಸುಣ್ಣ, ಆಮೇಲೆ ಪೀಪಾಯಿಗೆ ಇಳಿಸಿ ಸಿಮೆಂಟು. ಕಲಸುವ ಯಂತ್ರದ ಕೋಲು ತಿರುಗಿ ತಿರುಗಿ ಭಾರವಾಯಿತು. ಕೋಲನ್ನು ಒಳಗೇ ಬಿಡುವುದು ಅಲ್ಲಿಯ ಪದ್ಧತಿ. ಸೆಲ್ವಾ ಕೊಂಡಿ ಕಳಚಿದಳು.

ಕೋಲು ಬೀಳಲಿಲ್ಲ. ಬೂದುಬಣ್ಣದ ಸಿಮೆಂಟಿನ ನಡುವೆ, ಯಾರೂ ಹಿಡಿಯದೆ, ನೆಟ್ಟಗೆ ನಿಂತಿತು.