ಒಳಗೆ ಬಾರದ ಗಾಜಿನವನು

ಮಾರ್ಚ್ ಮೂರನೇ ವಾರದ ಒಂದು ಮಧ್ಯಾಹ್ನ ಔರಾದದಲ್ಲಿ ಬಿರುಗಾಳಿ ಎದ್ದು, ಹಿಂದೆಯೇ ಕಾಲು ಗಂಟೆ ಆಲಿಕಲ್ಲು ಬಿತ್ತು. ಆಮ್ರಪಾಲಿ ಶಾಲೆಯಿಂದ ಬಂದು ನೋಡಿದಾಗ ಮುಂದಿನ ಕೋಣೆಯ ಕಿಟಕಿಯ ಮೂರೂ ಗಾಜು ಒಡೆದಿದ್ದವು. ತಾಯಿ ಕೇಶರಬಾಯಿ ಚೂರು ಆಯುತ್ತ ಕೂತಿದ್ದಳು. ಅಲ್ಲೇ ಹರವಿದ್ದ ತೊಗರಿಬೇಳೆಯಲ್ಲಿ ಗಾಜಿನ ಪುಡಿ ಸೇರಿ, ಅಷ್ಟನ್ನೂ ಚೆಲ್ಲಬೇಕಾಯಿತು.

ಆಮ್ರಪಾಲಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಅಳತೆಯನ್ನು ತಾನೇ ತೆಗೆದು, ಬಸ್‌ಸ್ಟ್ಯಾಂಡಿನ ಹತ್ತಿರ ಗಾಜಿನ ಅಂಗಡಿ ಇಟ್ಟಿದ್ದ ಕೈಲಾಶನಿಗೆ ಕೊಟ್ಟು ಬಂದಳು. ಎರಡು ದಿನದಲ್ಲಿ ಆಳು ಕಳಿಸುತ್ತೇನೆ ಎಂದ ಕೈಲಾಶ, ಮನೆ ಎಲ್ಲಿ ಎಂದು ಕೇಳಿದ. ಬುದ್ಧವಿಹಾರದ ಹಿಂದಿನ ಓಣಿ ಎಂದಳು. ಅವನು ತಲೆ ಎತ್ತದೆ ಬರೆದುಕೊಂಡ.

ಎರಡು ದಿನ ಎಂಟಾಯಿತು. ಫೋನ್ ಮಾಡಿದಾಗೆಲ್ಲ ನಾಳೆ ಎನ್ನುತ್ತಿದ್ದ. ಕಿಟಕಿಗೆ ಕಟ್ಟಿದ ಪ್ಲಾಸ್ಟಿಕ್ ಹಾಳೆ ಗಾಳಿಗೆ ಬಡಿದು ಹರಿಯಿತು. ಇನ್ನೊಂದು ಮಳೆಗೆ ಹಾಸಿಗೆ ತೊಯ್ದಿತು. ಊರೆಲ್ಲ ಗಾಜು ಒಡೆದಾವ, ಅವನರ ಏನು ಮಾಡ್ಯಾನು ಎಂದು ತಂದೆ ಗೋರಖನಾಥ ಸಮಾಧಾನ ಹೇಳುತ್ತಲೇ ಇದ್ದರು. ಒಂಬತ್ತನೆಯ ದಿನ ಶಾಲೆಯಿಂದ ಬರುವಾಗ, ದೊಡ್ಡ ರಸ್ತೆಯಲ್ಲಿದ್ದ ಪರಿಚಯದ ಶಾಲುಬಾಯಿಯ ಮನೆಯಲ್ಲಿ ಕೈಲಾಶನ ಆಳು ಗಾಜು ಕೂಡಿಸುವುದು ಆಮ್ರಪಾಲಿಗೆ ಕಂಡಿತು. ಮೊನ್ನೆ ಹೇಳಿದ್ದೆ, ಇವತ್ತು ಬಂದಾನ ಎಂದಳು ಶಾಲುಬಾಯಿ, ಮೆಚ್ಚುಗೆಯಿಂದ.

ಆಮ್ರಪಾಲಿ ಮನೆಗೆ ಹೋಗದೆ ನೇರ ಅಂಗಡಿಗೆ ನಡೆದಳು. ಗೋಡೆಗೆ ಒರಗಿಸಿದ್ದ ಗಾಜುಗಳ ನಡುವೆ ತನ್ನ ಅಳತೆಯ ಮೂರು ಗಾಜು ಕತ್ತರಿಸಿ ಇಟ್ಟಿದ್ದವು. ಗಾಜಿನ ಮೂಲೆಯಲ್ಲಿ ಅವಳ ಹೆಸರಿರಲಿಲ್ಲ. ಓಣಿಯ ಹೆಸರು ಬರೆದಿತ್ತು. ತಯಾರಾಗಿಯೂ ಯಾಕೆ ಕಳಿಸಲಿಲ್ಲ ಎಂದು ಕೇಳಿದಳು. ಕೈಲಾಶ ಗಿರಾಕಿಗಳ ಕಡೆ ನೋಡಿ ದನಿ ಇಳಿಸಿದ.

“ಗಾಜು ನೀವೇ ಒಯ್ಕೊಳ್ರಿ ಮೇಡಂ. ನನ್ನ ಆಳು ನಿಮ್ಮ ಮನಿ ಒಳಗ ಬರಂಗಿಲ್ಲಂತಾನ.”

“ಯಾಕ ಬರಂಗಿಲ್ಲ? ಅದನ್ನ ಬಾಯಿ ಬಿಟ್ಟು ಹೇಳ್ರಿ.”

ಕೈಲಾಶ ಅಳತೆಪಟ್ಟಿ ಎತ್ತಿಕೊಂಡು ಬೇರೆ ಗಾಜು ಅಳೆಯಲು ಬಗ್ಗಿದ. ನಿಂತಿದ್ದವರಲ್ಲಿ ಒಬ್ಬ ಮೊಬೈಲು ನೋಡತೊಡಗಿದ, ಇನ್ನೊಬ್ಬ ಹೊರಗೆ ಹೋದ. ಇವರ ಮಕ್ಕಳಿಗೇ ತಾನು ಪಾಠ ಹೇಳುವುದು ಎಂಬುದು ನೆನಪಾಗಿ ಆಮ್ರಪಾಲಿಯ ಕಿವಿ ಬಿಸಿಯಾಯಿತು. ಆ ಗಾಜು ತನಗೆ ಬೇಡವೆಂದು ಹೇಳಿ ಹೊರಟು ಬಂದಳು.

ಮನೆಯಲ್ಲಿ ಕೇಳಿದಳು: “ಅಪ್ಪಾ, ನಿಮಗ ಮೊದಲೇ ಗೊತ್ತಿತ್ತಲ್ಲ?”

ಗೋರಖನಾಥ ಹರಿದ ಪ್ಲಾಸ್ಟಿಕ್ ಹಾಳೆಯನ್ನು ಕಿಟಕಿಗೆ ಮತ್ತೆ ಕಟ್ಟುತ್ತ ಹೇಳಿದರು: “ಗೊತ್ತಿತ್ತು. ನಮ್ಮ ಜಾತಿಯವರ ಮನಿ ಒಳಗ ಅವರು ಬರಂಗಿಲ್ಲ ಅನ್ನೂದು ನಿನಗ ಗೊತ್ತಾಗೂದು ಬ್ಯಾಡ ಅಂತಿದ್ದೆ.”

ಕೈಲಾಶನ ಮೇಲಿದ್ದ ಸಿಟ್ಟಿನಷ್ಟೇ ಸಿಟ್ಟು ಅವಳಿಗೆ ಅಪ್ಪನ ಮೇಲೂ ಬಂತು. ಆ ದಿನ ಅವರೊಂದಿಗೆ ಮಾತಾಡಲಿಲ್ಲ.

ರವಿವಾರ ಅವಳು ಬಸ್ಸು ಹತ್ತಿ ಭಾಲ್ಕಿಗೆ ಹೋದಳು. ಅಲ್ಲಿ ಗಂಡ ತೀರಿದ ಮೇಲೆ ಗಾಜಿನ ಅಂಗಡಿ ನಡೆಸುತ್ತಿದ್ದ ಮಹಮೂದಾ ಬೇಗಂ ಅಳತೆ ಚೀಟಿ ನೋಡಿ, ಔರಾದದಾಗ ಗಾಜು ಸಿಗಲಿಲ್ಲೇನು ಎಂದಳು. ಆಮ್ರಪಾಲಿ ನಡೆದದ್ದನ್ನೆಲ್ಲ ಹೇಳಿದಳು. ಮಹಮೂದಾ ಬೇಗಂ ಗಾಜು ಕತ್ತರಿಸಿದಳು. ಆಮೇಲೆ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಚೌಕಟ್ಟಿಗೆ ಗಾಜು ಅಂಟಿಸುವ ಪುಟ್ಟಿಯಲ್ಲಿ ಹಳೆಯದನ್ನು ಹೇಗೆ ಕೆರೆಯಬೇಕು, ಹೊಸದನ್ನು ಎಷ್ಟು ದಪ್ಪ ಮೆತ್ತಬೇಕು, ಗಾಜನ್ನು ನಡುವೆ ಒತ್ತದೆ ಅಂಚಿನಲ್ಲೇ ಯಾಕೆ ಒತ್ತಬೇಕು ಎಂದು ಒಂದು ಚೂರು ಗಾಜಿನ ಮೇಲೆ ಮಾಡಿ ತೋರಿಸಿದಳು.

“ಒಂದು ಸಲ ಮಾಡು ಬೇಟಾ. ಮುಂದ ಯಾರ ಬಾಗಲಕ್ಕೂ ಹೋಗೂದು ಬ್ಯಾಡ.”

ಗೋಣಿಚೀಲ ಸುತ್ತಿದ ಗಾಜನ್ನು ತೊಡೆಗೆ ಆನಿಸಿ ಹಿಡಿದು, ಬಸ್ಸು ಇಳಿದ ಒಂದೊಂದು ತಗ್ಗಿಗೂ ಉಸಿರು ಬಿಗಿಹಿಡಿದು ಆಮ್ರಪಾಲಿ ಊರು ಮುಟ್ಟಿದಳು. ಗೋರಖನಾಥ ಆಗಲೇ ಉಳಿ ತಗೊಂಡು ಚೌಕಟ್ಟಿನ ಹಳೆಯ ಪುಟ್ಟಿಯನ್ನೆಲ್ಲ ಕೆರೆದು ಮುಗಿಸಿದ್ದರು. ತಂದೆ ಗಾಜು ಹಿಡಿದರು, ಮಗಳು ಪುಟ್ಟಿ ಮೆತ್ತಿದಳು. ಎರಡನೆಯ ಗಾಜಿನ ಮೂಲೆ ಸ್ವಲ್ಪ ಸೀಳಿತು, ಅದನ್ನೇ ಕೂಡಿಸಿದರು. ಸಂಜೆಯ ಹೊತ್ತಿಗೆ ಕಿಟಕಿ ಮುಚ್ಚಿತು.

ಮರುದಿನ ಗೋರಖನಾಥ ಇಸ್ತ್ರಿಯ ಅಂಗಿ ತೊಟ್ಟು, ನಡಿ, ಅಂಗಡಿಗೆ ಹೋಗೂಣು ಎಂದರು. ಮೂವತ್ತು ವರ್ಷ ಔರಾದ–ಭಾಲ್ಕಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ, ಯಾರೊಂದಿಗೂ ದನಿ ಏರಿಸದೆ ನಿವೃತ್ತರಾದವರು ಅವರು. ಅಂಗಡಿ ತುಂಬ ಗಿರಾಕಿಗಳಿದ್ದರು. ಅವರೆಲ್ಲರ ಮುಂದೆ ಗೋರಖನಾಥ ತಮ್ಮ ಬಲಗೈ ಚಾಚಿದರು.

“ಕೈಲಾಶ, ನೀ ಭಾಲ್ಕಿ ಕಾಲೇಜಿಗೆ ಹೋಗೋ ಮೂರು ವರ್ಷ ಈ ಕೈಲೇ ಟಿಕೆಟ್ ಹರಿದು ಕೊಟ್ಟೀನಿ. ಆಗ ತಗೊಂಡಿ. ಈಗ ನನ್ನ ಮನಿ ಹೊಸ್ತಿಲಕ್ಕ ಏನಾಗ್ಯಾದ?”

ಕೈಲಾಶ ಎದ್ದು ನಿಂತ. ತಪ್ಪು ಆಳಿನದು, ನಾಳೆ ತಾನೇ ಬಂದು ಕೂಡಿಸುತ್ತೇನೆ ಎಂದ.

“ತಪ್ಪು ಆಳಿನ ಮ್ಯಾಲ ಹಾಕಬ್ಯಾಡ. ಅವನಿಗೆ ಹೂಂ ಅಂದಾವ ನೀನು. ನೀ ಬರೂದೂ ಬ್ಯಾಡ, ಗಾಜು ನನ್ನ ಮಗಳು ಕೂಡ್ಸ್ಯಾಳ. ಇನ್ನೊಮ್ಮೆ ನಮ್ಮ ಓಣಿಯವರಿಗೆ ಹಿಂಗ ಮಾಡಿದಿ ಅಂದ್ರ ಬರೋದು ನಾನಲ್ಲ, ಪೊಲೀಸರು.”

ಆಮ್ರಪಾಲಿ ಈ ಸಲ ಗಿರಾಕಿಗಳಲ್ಲಿ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಅವರು ಕಣ್ಣು ತಪ್ಪಿಸುವ ತನಕ.

ಮರಳುವಾಗ ಅಪ್ಪನ ಮೇಲಿನ ಅವಳ ಸಿಟ್ಟು ಇಳಿದಿರಲಿಲ್ಲ. ಆದರೆ ಅವರ ಕೈ ಹಿಡಿದುಕೊಂಡು, ಒಳಓಣಿಯ ದಾರಿ ಬಿಟ್ಟು, ದೊಡ್ಡ ರಸ್ತೆಯ ನಡುವೆಯೇ ಮನೆಗೆ ನಡೆದಳು.